ಹೊಸ ಈಜುಕೊಳದ ನೀರು ಹದಕ್ಕೆ ಬರುವುದು ಹೇಗೆ?

ಕಳಮನಾದ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುವವರು, ರೈಲ್ವೆ ಯಾರ್ಡಿನ ಕಡೆ ಕೆಲಸವಿರುವವರು, ಕಚೇರಿ ಗುಮಾಸ್ತರು ಸಂಜೆ ನಮ್ಮ ವಾಚನಾಲಯಕ್ಕೆ ಬರುತ್ತಾರೆ. ಅವರಿಗೂ ಈಜುಕೊಳಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ನಾಗಪುರದಲ್ಲಿ ಮಹಡಿ ಮನೆಗಳ ವಸತಿಗಳು ಏಳುತ್ತಿವೆ. ಅವುಗಳಲ್ಲಿ ಹಲವಕ್ಕೆ ಒಂದೊಂದು ಕೊಳ. ಬಾಗಿಲಿಗೆ 'ಜಲತರಣ ತಲಾವ' ಎಂದು ಮರಾಠಿಯಲ್ಲಿ ಬೋರ್ಡು ಬರೆಸುವವರು ಮಾಲಿಕರು. ಅದರ ನೀರು ನೋಡಿಕೊಳ್ಳುವವರು ನಮ್ಮಂಥವರು.

ಬೀದರ ಕಡೆಯ ಅಂಥ ಒಬ್ಬ ಮಿತ್ರರು ಒಂದು ಸಂಜೆ ಕೈಯಲ್ಲಿ ಬಾಟಲಿ ಹಿಡಿದು ನಮ್ಮಲ್ಲಿಗೆ ಬಂದರು. ಬಾಟಲಿಯ ನೀರು ಅಕ್ಕಿ ತೊಳೆದ ನೀರಿನಂತಿತ್ತು. "ಪುಡಿ ಹಾಕಿದಷ್ಟೂ ಹಾಲಿನಂಗ ಆಗ್ಲಿಕತ್ತೈತ್ರಿ ಸರ, ಹುಡುಗರ ಕಣ್ಣು ಕೆಂಪಗ ಆಗ್ಯಾವು. ಪಗಾರ ಹಿಡೀತೀನಿ ಅಂತಾರ. ನಾ ಏನ್ ತಪ್ಪ ಮಾಡೀನ್ರಿ?" ಎಂದರು. ಅವರು ತಪ್ಪು ಮಾಡಿರಲಿಲ್ಲ. ಹೇಳಬೇಕಾದವರು ಅವರಿಗೆ ಹೇಳಿರಲಿಲ್ಲ, ಅಷ್ಟೆ. ಆದುದರಿಂದ ಈ ಲೇಖನ.

ಮೊದಲು ತಿಳಿಯಬೇಕಾದುದು ಸಿಮೆಂಟಿನ ಸಂಗತಿ. ಹೊಸ ಗಿಲಾವಿನೊಳಗೆ ಸುಣ್ಣದ ಅಂಶವಿರುತ್ತದೆ. ನೀರು ತುಂಬಿದೊಡನೆ ಅದು ದಿನದಿನವೂ ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಡುತ್ತದೆ. ನಾಲ್ಕಾರು ವಾರ ಹೀಗೆಯೇ ನಡೆಯುತ್ತದೆ. ಇದರಿಂದ ನೀರಿನ ಕ್ಷಾರಗುಣ ಏರುತ್ತದೆ. ಗೋಡೆಯ ಮೇಲೆ ಬಿಳಿಯ ಹುಡಿ ಕೂರುವುದೂ ಇದರಿಂದಲೇ. ಹೊಸ ಕೊಳದ ಗೋಡೆಯನ್ನು ಮೊದಲ ವಾರಗಳಲ್ಲಿ ದಿನಾಲು ಬ್ರಷ್ಷಿನಿಂದ ಉಜ್ಜಬೇಕೆನ್ನುವುದು ಆ ಹುಡಿ ಕಲ್ಲಾಗಿ ಅಂಟಿಕೊಳ್ಳದಿರಲೆಂದು.

ನೀರಿನ ಆಮ್ಲ-ಕ್ಷಾರಗಳನ್ನು ಅಳೆಯುವ ಮಾನಕ್ಕೆ ಪಿಎಚ್ ಎಂದು ಹೆಸರು. 7 ಎಂದರೆ ಸಮ. ಕೆಳಗಿಳಿದರೆ ಹುಳಿಯ ಕಡೆ, ಮೇಲೇರಿದರೆ ಸುಣ್ಣದ ಕಡೆ. ನಮ್ಮ ಕಣ್ಣೀರಿನ ಪಿಎಚ್ ಸುಮಾರು 7.4. ಕೊಳದ ನೀರು 7.2ರಿಂದ 7.8ರೊಳಗೆ ಇರಬೇಕೆನ್ನುವುದಕ್ಕೆ ಕಣ್ಣಿನ ಹಿತವೂ ಒಂದು ಕಾರಣ. ಇನ್ನೊಂದು ಕಾರಣ ಕ್ಲೋರೀನಿನದು. ನಮ್ಮ ಮಿತ್ರರ ಕಷ್ಟವೆಲ್ಲ ಇದರಲ್ಲಿಯೇ ಅಡಗಿತ್ತು.

ಕ್ಲೋರೀನು ನೀರಿಗೆ ಸೇರಿದಾಗ ಎರಡು ರೂಪಗಳಲ್ಲಿ ಹಂಚಿಹೋಗುತ್ತದೆ. ಒಂದು ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು. ಇನ್ನೊಂದು ಬಹಳ ಮಂದವಾದುದು. ಪಿಎಚ್ 7.5 ಇದ್ದಾಗ ಎರಡೂ ಹೆಚ್ಚುಕಡಿಮೆ ಅರ್ಧರ್ಧ. 8ಕ್ಕೆ ಏರಿದರೆ ಚುರುಕಿನ ಪಾಲು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, 8.5 ಆದರೆ ಹತ್ತರಲ್ಲಿ ಒಂದು ಪಾಲು. ಎಂದರೆ ಸಿಮೆಂಟಿನ ಸುಣ್ಣ ಬೆರೆತ ನೀರಿಗೆ ಹತ್ತು ರೂಪಾಯಿಯ ಪುಡಿ ಹಾಕಿದರೆ ಒಂದು ರೂಪಾಯಿಯ ಕೆಲಸವಾಗುತ್ತದೆ. ಸಾಲದುದಕ್ಕೆ ಬ್ಲೀಚಿಂಗ್ ಪೌಡರಿನಲ್ಲಿಯೂ ಸುಣ್ಣವಿದೆ! ಪುಡಿ ಹಾಕಿದಷ್ಟೂ ನೀರು ಹಾಲಾದುದು ಹೀಗೆ.

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಮದ್ದು. ಪರೀಕ್ಷೆಯ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಪಿಎಚ್‌ಗೆ ಫಿನಾಲ್ ರೆಡ್ ಎಂಬ ದ್ರಾವಣ, ಕ್ಲೋರೀನಿಗೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಎಂಬ ಗುಳಿಗೆ. ಹಳದಿ ಬಣ್ಣ ಕೊಡುವ ಆರ್ಥೊಟಾಲಿಡಿನ್ ಹಳೆಯ ಕಾಲದ್ದು, ಆರೋಗ್ಯಕ್ಕೆ ಒಳ್ಳೆಯದಲ್ಲ. ಆ ಸೀಸೆ ಇದ್ದರೆ ಬಿಟ್ಟುಬಿಡುವುದೇ ಲೇಸು.

ಪಿಎಚ್‌ಗಿಂತ ಮುಂಚೆ ನೋಡಬೇಕಾದುದು ನೀರಿನ ಒಟ್ಟು ಕ್ಷಾರತೆ. ಇದು ಲೀಟರಿಗೆ 80ರಿಂದ 120 ಮಿಲಿಗ್ರಾಂ ಇದ್ದರೆ ಪಿಎಚ್ ಹಿಡಿತದಲ್ಲಿರುತ್ತದೆ. ಕಡಿಮೆಯಿದ್ದರೆ ತೂಕ ತಪ್ಪಿದ ತಕ್ಕಡಿಯಂತೆ ಅತ್ತಿತ್ತ ಹಾರುತ್ತದೆ. ಕಡಿಮೆಯಿದ್ದಲ್ಲಿ ಅಡುಗೆ ಸೋಡಾ ಸಾಕು: ಒಂದು ಲಕ್ಷ ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಏರಿಸಲು ಸುಮಾರು 1.7 ಕಿಲೋ. ಬೋರಿನ ನೀರಿನಲ್ಲಿ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗಡಸುತನದ ಮಾತೂ ಹಾಗೆಯೇ. ಸಾಬೂನು ನೊರೆಗಟ್ಟದ ಗಡಸು ನೀರು ಗೋಡೆಗೆ ಕರೆ ಕಟ್ಟಿಸುತ್ತದೆ. ತೀರ ಮೆದು ನೀರಾದರೆ ತನಗೆ ಬೇಕಾದ ಸುಣ್ಣವನ್ನು ಗಿಲಾವಿನಿಂದಲೇ ಕಿತ್ತುಕೊಂಡು ಗೋಡೆಯನ್ನು ಒರಟು ಮಾಡುತ್ತದೆ. ನೀರು ಸುಣ್ಣ ಬಿಡುವುದೋ ತಿನ್ನುವುದೋ ಎಂದು ಲೆಕ್ಕ ಹಾಕುವ ಸೂತ್ರವನ್ನು ಕ್ಯಾಲಿಫೋರ್ನಿಯದ ಲ್ಯಾಂಗೆಲಿಯರ್ ಎಂಬ ಪ್ರಾಧ್ಯಾಪಕರು 1936ರಲ್ಲಿ ಕೊಟ್ಟರು. ಆ ಗಣಿತ ನಮ್ಮ ಓದುಗರಿಗೆ ಬೇಡ.

ಪಿಎಚ್ ಏರಿದ್ದರೆ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ. ಇಲ್ಲಿ ಒಂದು ಕ್ಷಣ ನಿಂತು ಓದಬೇಕೆಂದು ಕೇಳಿಕೊಳ್ಳುತ್ತೇವೆ. ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಎಂದಿಗೂ ಸೇರಿಸಬಾರದು. ಒಂದಕ್ಕೆ ಬಳಸಿದ ಬಕೆಟ್ಟು, ಡಬ್ಬ, ಸೌಟು ಇನ್ನೊಂದಕ್ಕೆ ಬಾರದು. ಸೇರಿದ ಕೂಡಲೇ ಹಸಿರು ಹಳದಿ ಬಣ್ಣದ ಕ್ಲೋರೀನು ಅನಿಲ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಮುಚ್ಚಿದ ಪಂಪಿನ ಕೋಣೆಯಲ್ಲಿ ಅದು ಪ್ರಾಣ ತೆಗೆಯಬಲ್ಲದು. ಯಾವ ಮೇಸ್ತ್ರಿ ಅವಸರ ಮಾಡಿದರೂ ಈ ವಿಷಯದಲ್ಲಿ ಕೇಳಬಾರದು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಕೂಡದು. ಕೈಗವಸು, ಕನ್ನಡಕ ಬೇಕು. ಕೊಡಿಸಿರೆಂದು ಮಾಲಿಕರನ್ನು ಕೇಳುವುದಕ್ಕೆ ಸಂಕೋಚ ಬೇಡ. ಪಂಪು ಓಡುತ್ತಿರುವಾಗ ಸ್ವಲ್ಪ ಹಾಕಿ, ನಾಲ್ಕಾರು ತಾಸು ಬಿಟ್ಟು ಮತ್ತೆ ಅಳೆಯಬೇಕು. ಹೊಸ ಕೊಳದಲ್ಲಿ ಇಂದು ಇಳಿಸಿದ್ದು ನಾಳೆ ಮತ್ತೆ ಏರಿರುತ್ತದೆ, ಬೇಸರಪಡಬಾರದು.

ಅನಂತರ ಕ್ಲೋರೀನು. ಲೆಕ್ಕ ಸುಲಭ. 20 ಮೀಟರ್ ಉದ್ದ, 8 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳವೆಂದರೆ 200 ಘನಮೀಟರ್, ಅಂದರೆ ಎರಡು ಲಕ್ಷ ಲೀಟರ್. ಲೀಟರಿಗೆ 2 ಮಿಲಿಗ್ರಾಂ ಬೇಕಾದರೆ 400 ಗ್ರಾಂ ಕ್ಲೋರೀನು. ಪುಡಿಯಲ್ಲಿ ಶೇಕಡಾ 25 ಪಾಲು ಕ್ಲೋರೀನಿದ್ದರೆ 1.6 ಕಿಲೋ ಪುಡಿ. ಬಾಯಿ ತೆರೆದಿಟ್ಟ ಹಳೆಯ ಚೀಲದಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಕೊಳಕ್ಕೆ ಬಿಡಬೇಕು. ನಮ್ಮ ಹಿರಿಯರು ಚಿಲ್ಲದ ಬೀಜ ತೇಯ್ದು ಕೆಸರು ನೀರನ್ನು ತಿಳಿ ಮಾಡುತ್ತಿದ್ದ ತಾಳ್ಮೆಯೇ ಇಲ್ಲಿಯೂ ಬೇಕು. ಹೊತ್ತು ಮುಳುಗಿದ ಮೇಲೆ ಹಾಕುವುದು ಉತ್ತಮ. ನಾಗಪುರದ ಮೇ ತಿಂಗಳ ಬಿಸಿಲಿಗೆ ಬೆಳಿಗ್ಗೆ ಹಾಕಿದ ಕ್ಲೋರೀನು ಮಧ್ಯಾಹ್ನಕ್ಕೆ ಹಾರಿಹೋಗಿರುತ್ತದೆ, ಎರಡು ಮೂರು ದಿನಗಳಲ್ಲಿ ಪಾಚಿ ಹಸಿರು ಕಟ್ಟುತ್ತದೆ.

ಕಣ್ಣು ಕೆಂಪಾಗುವುದಕ್ಕೂ ಮೂಗಿಗೆ ಬಡಿಯುವ ವಾಸನೆಗೂ ಕ್ಲೋರೀನು ಹೆಚ್ಚಾಯಿತೆಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ನಿಜ ಬೇರೆ. ಬೆವರು, ಮೂತ್ರಗಳೊಡನೆ ಕ್ಲೋರೀನು ಕೂಡಿ ಹುಟ್ಟುವ ಕ್ಲೋರಮೀನುಗಳ ವಾಸನೆ ಅದು. ಶುದ್ಧ ಕೊಳಕ್ಕೆ ಅಷ್ಟು ನಾತವಿರುವುದಿಲ್ಲ. ಈಜುವ ಮುನ್ನ ಮೈತೊಳೆದು ಬರುವ ನಿಯಮ ಇದಕ್ಕಾಗಿಯೇ. ಆದರೆ ಬೈಗುಳ ತಿನ್ನುವವನು ಮಾತ್ರ ಪುಡಿ ಹಾಕಿದವನು!

ನೀರಿನ ಶಾಸ್ತ್ರಕ್ಕೆ ನಮ್ಮ ಈ ಊರೇ ದೊಡ್ಡ ಮನೆ ಎಂಬುದನ್ನು ಎಷ್ಟು ಜನ ಬಲ್ಲರೋ! ನಾಗಪುರದಲ್ಲಿ 1958ರಲ್ಲಿ ಕೇಂದ್ರ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯೆಂದು ಆರಂಭವಾದುದೇ 1974ರಿಂದ 'ನೀರಿ' ಎನಿಸಿಕೊಂಡಿದೆ. ಕನ್ನಡದ ಕಿವಿಗೆ ಹೆಸರೂ ಒಪ್ಪುವಂತಿದೆ. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರುಗಳಿಂದ ನೀರಿನ ಫ್ಲೋರೈಡನ್ನು ತೆಗೆಯುವ ನಲ್ಗೊಂಡ ವಿಧಾನ ಇಲ್ಲಿಯದೇ. ಪಾವಗಡ, ಮುಂಡರಗಿಗಳ ಕಡೆಯಿಂದ ಬಂದ ಮಿತ್ರರಿಗೆ ಅದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಕೊಳದ ಕೆಲಸವಿಲ್ಲದವರಿಗೂ ಒಂದು ಮಾತು. ಚಾಳಿನ ಮೇಲೆ ಹೊಸದಾಗಿ ಕಟ್ಟಿದ ಸಿಮೆಂಟಿನ ಟಾಕಿಯೂ ಹೀಗೆಯೇ ಸುಣ್ಣ ಬಿಡುತ್ತದೆ. ಎರಡು ಮೂರು ಸಲ ತುಂಬಿಸಿ, ಉಜ್ಜಿ, ಚೆಲ್ಲಿದ ಮೇಲೆ, ಸಾವಿರ ಲೀಟರಿಗೆ 200 ಗ್ರಾಂ ಒಳ್ಳೆಯ ಪುಡಿಯ ತಿಳಿಯನ್ನು ಬೆರೆಸಿ ಒಂದು ರಾತ್ರಿ ಬಿಡಬೇಕು. ಆ ನೀರನ್ನು ಯಾರೂ ಕುಡಿಯದಂತೆ ನಲ್ಲಿಗೆ ಚೀಟಿ ಕಟ್ಟಿ, ಬೆಳಿಗ್ಗೆ ಪೂರ್ತಿ ಹೊರಬಿಟ್ಟು, ತೊಳೆದು, ಹೊಸ ನೀರು ತುಂಬಿಸಿಕೊಳ್ಳಬೇಕು. ಚೀಟಿಯನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲಿಯೂ ಬರೆದುಕೊಡಲು ನಮ್ಮ ವಾಚನಾಲಯದಲ್ಲಿ ಜನರಿದ್ದಾರೆ.