ಬೂದಿಯಿಂದ ಚಿಗುರಿನವರೆಗೆ ನಲವತ್ತು ದಿನ

ಮಾರ್ಚ್ ತಿಂಗಳು ಬಂತೆಂದರೆ ಮುದ್ದೇಬಿಹಾಳದ ಕಡೆ ಬೇವಿನ ಮರಗಳು ಎಲೆ ಉದುರಿಸಿ ಬೋಳಾಗುತ್ತವೆ. ನೋಡನೋಡುತ್ತಿದ್ದಂತೆ ಅವೇ ರೆಂಬೆಗಳಲ್ಲಿ ಕೆಂಪು ಚಿಗುರು ಒಡೆಯುತ್ತದೆ. ಹೊಲದಲ್ಲಿ ಬಿಳಿಜೋಳದ ಸುಗ್ಗಿ, ಮನೆಯೊಳಗೆ ಹತ್ತನೆಯ ಇಯತ್ತೆ, ಪಿಯುಸಿ ಪರೀಕ್ಷೆಯ ಬಿಗಿ. ಇವೇ ದಿನಗಳಲ್ಲಿ ಕ್ರೈಸ್ತರ ತಪಸ್ಸುಕಾಲವೂ ನಡೆದಿರುತ್ತದೆ. 2025ರಲ್ಲಂತೂ ಫೆಬ್ರುವರಿ 26ಕ್ಕೆ ಶಿವರಾತ್ರಿಯ ಉಪವಾಸ, ಮಾರ್ಚ್ 2ಕ್ಕೆ ರಂಜಾನ್ ರೋಜಾ, ಮಾರ್ಚ್ 5ಕ್ಕೆ ಬೂದಿ ಬುಧವಾರ. ಎಂಟೇ ದಿನಗಳಲ್ಲಿ ಮೂರು ಧರ್ಮದವರು ಹಸಿವಿನ ಮೂಲಕ ದೇವರನ್ನು ನೆನೆಯತೊಡಗಿದ್ದರು. ನಡುವೆ ಪರೀಕ್ಷೆಗಳ ಗಂಟೆಯೂ ಬಾರಿಸಿತು.

ಈ ಸೀಮೆಯಲ್ಲಿ ಕ್ರೈಸ್ತರು ವಿರಳ. ವಿಜಯಪುರ ಜಿಲ್ಲೆಯನ್ನೂ ಒಳಗೊಂಡ ಗುಲ್ಬರ್ಗಾ ಕಥೋಲಿಕ ಧರ್ಮಪ್ರಾಂತ್ಯ ರೂಪುಗೊಂಡಿದ್ದೇ 2005ರಲ್ಲಿ. ಹೀಗಾಗಿ ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡವರನ್ನು ಕಂಡು ಶಾಲೆಯ ಮಕ್ಕಳು ‘ಇದೇನು, ವಿಭೂತಿಯೇ?’ ಎಂದು ಕೇಳಿದರೆ ಅಚ್ಚರಿಯಿಲ್ಲ. ಪ್ರಶ್ನೆ ಅಷ್ಟೇನೂ ತಪ್ಪಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಹಿಡಿದಿದ್ದ ಗರಿಗಳನ್ನೇ ಒಣಗಿಸಿ, ಸುಟ್ಟು ಆ ಬೂದಿ ಮಾಡುತ್ತಾರೆ. ಜಯಘೋಷದ ಹಸಿರು ಗರಿ ವರ್ಷ ತುಂಬುವುದರೊಳಗೆ ಹಣೆಯ ಬೂದಿಯಾಗುತ್ತದೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೆ ಹೋಗುವವನು ಎಂಬ ನೆನಪು ಅದು. ವಿಭೂತಿ ಹೇಳುವುದೂ ಇದಕ್ಕೆ ದೂರದ ಮಾತೇನಲ್ಲ.

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ. ಯೇಸು ಅಡವಿಯಲ್ಲಿ ಉಪವಾಸವಿದ್ದ ದಿನಗಳ ಲೆಕ್ಕ ಇದು. ಪಾದ್ರಿಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಂಭ್ರಮದ ‘ಅಲ್ಲೆಲೂಯ’ ಹಾಡು ಈಸ್ಟರ್ ರಾತ್ರಿಯವರೆಗೆ ಕೇಳಿಸುವುದಿಲ್ಲ. ಕಥೋಲಿಕ ನಿಯಮದಂತೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕಡ್ಡಾಯವಾಗಿರುವುದು ಹದಿನೆಂಟು ದಾಟಿದವರಿಗೆ, ಶಾಲೆಯ ಮಕ್ಕಳಿಗಲ್ಲ. ಊಟ ಬಿಡುವುದಷ್ಟೇ ವ್ರತವೂ ಅಲ್ಲ, ಉಳಿದದ್ದು ಇಲ್ಲದವರಿಗೆ ಮುಟ್ಟಬೇಕು. ಇಂಗ್ಲಿಷಿನವರು ಈ ಕಾಲಕ್ಕೆ ಲೆಂಟ್ ಎನ್ನುತ್ತಾರೆ. ಆ ಮಾತಿನ ಹಳೆಯ ಅರ್ಥ ವಸಂತ. ಕನ್ನಡದಲ್ಲಿ ತಪಸ್ಸು ಎಂದರು. ಎರಡನ್ನೂ ಕೂಡಿಸಿದರೆ ನಮ್ಮ ಬೇವಿನ ಮರವೇ ಕಣ್ಣಿಗೆ ಬರುತ್ತದೆ.

ದುಃಖಕ್ಕೆ ಇಷ್ಟು ದಿನ, ಇಂಥ ರೀತಿ ಎಂದು ಗೊತ್ತುಮಾಡಿಕೊಡುವುದು ಬರೀ ಕ್ರೈಸ್ತರ ಪದ್ಧತಿಯಲ್ಲ. ಮುಸ್ಲಿಂ ಮನೆಗಳಲ್ಲಿ ಸಾವಿನ ನಲವತ್ತನೆಯ ದಿನವನ್ನು ನೆನೆಯುವ ರೂಢಿಯಿದೆ. ಹಿಂದೂ ಮನೆಗಳಲ್ಲಿ ದಿನಕರ್ಮ, ವರ್ಷದ ಲೆಕ್ಕ. ಈ ಭಾಗದಲ್ಲಿ ಸಾವಾದ ಮನೆಗೆ ಬೀಗರು, ನೆರೆಯವರು ‘ಮಾತಾಡಿಸಾಕ’ ಬರುತ್ತಾರೆ. ಬಂದವರು ಹೆಚ್ಚೇನೂ ಆಡುವುದಿಲ್ಲ. ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಸತ್ತವರ ಒಂದೆರಡು ಮಾತು ತೆಗೆಯುತ್ತಾರೆ. ಅಷ್ಟರಲ್ಲೇ ಮನೆಯವರ ಎದೆ ತುಸು ಹಗುರಾಗುತ್ತದೆ.

ಆದರೆ ಪರೀಕ್ಷೆಯ ವರ್ಷವೇ ಮನೆಯಲ್ಲಿ ಸಾವಾದರೆ ಮಕ್ಕಳಿಗೆ ಈ ಸವಲತ್ತು ಸಿಗುವುದು ಕಡಿಮೆ. ‘ಅಳಬ್ಯಾಡಪಾ, ನೀ ಗಟ್ಟಿ ಆಗಬೇಕು, ಅಭ್ಯಾಸ ಮಾಡು’ ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಮಗು ಪುಸ್ತಕ ಹಿಡಿಯುತ್ತದೆ, ಪುಟ ಮಾತ್ರ ಮುಂದೆ ಹೋಗದು. ಅದನ್ನು ಸೋಮಾರಿತನ ಎಂದು ಗದರಿಸುವ ತಂದೆತಾಯಂದಿರು ತುಸು ತಡೆಯಬೇಕು. ದುಃಖವಾದಾಗ ನಿದ್ದೆ, ಹಸಿವು, ನೆನಪು ಮೂರೂ ಏರುಪೇರಾಗುವುದು ಸಹಜ. ವರ್ಗದ ಶಿಕ್ಷಕರಿಗೆ ವಿಷಯ ತಿಳಿಸುವುದು ಒಳಿತು. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ; ಅಂಥ ಮನೆಯಲ್ಲಿ ಇದನ್ನು ಮಗುವಿಗೆ ಮೊದಲೇ ಹೇಳಿಡಬಹುದು.

ತಪಸ್ಸುಕಾಲದ ಕೊನೆಯ ವಾರದಲ್ಲಿ ಒಂದು ವಿಚಿತ್ರ ದಿನ ಬರುತ್ತದೆ. ಶುಕ್ರವಾರ ಯೇಸುವಿನ ಮರಣ. ಅಂದು ಶಿಲುಬೆ ಹಾದಿಯ ಹದಿನಾಲ್ಕು ಸ್ಥಾನಗಳಲ್ಲಿ ಜನ ನಿಂತು ಪ್ರಾರ್ಥಿಸುತ್ತಾರೆ. ಭಾನುವಾರ ಪುನರುತ್ಥಾನ. ನಡುವಿನ ಶನಿವಾರ ಮಾತ್ರ ಹಗಲೆಲ್ಲ ಪೂಜೆಯಿಲ್ಲ, ಬಲಿಪೀಠದ ಮೇಲೆ ವಸ್ತ್ರವೂ ಇಲ್ಲ. ಏನೂ ನಡೆಯದ ದಿನ. ಶಿಷ್ಯರಿಗೆ ಅಂದು ಭಾನುವಾರ ಹೀಗಾದೀತೆಂದು ಗೊತ್ತಿರಲಿಲ್ಲ. ಮನೆಯವರನ್ನು ಕಳೆದುಕೊಂಡವರಿಗೆ ಈ ಶನಿವಾರದ ಪರಿಚಯ ಚೆನ್ನಾಗಿರುತ್ತದೆ. ಬಂದ ನೆಂಟರೆಲ್ಲ ಊರಿಗೆ ಹೋದ ಮರುದಿನ ಅದು ಶುರುವಾಗುತ್ತದೆ. ಅಂದು ರಾತ್ರಿ ಗುಡಿಯ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿ, ಕತ್ತಲಲ್ಲಿ ಒಬ್ಬರಿಂದ ಒಬ್ಬರಿಗೆ ದೀಪ ದಾಟಿಸುತ್ತಾರೆ. ಒಮ್ಮೆಲೇ ವಿದ್ಯುದ್ದೀಪ ಹಾಕುವುದಿಲ್ಲ. ಎದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯ ಹಾಗೇ ಇದ್ದುದನ್ನು ತೋಮನು ನೋಡಿದ ಕಥೆಯನ್ನೂ ಈಸ್ಟರಿನ ಮುಂದಿನ ಭಾನುವಾರ ಓದುತ್ತಾರೆ.

ಕೃಷ್ಣೆಯ ದಕ್ಷಿಣಕ್ಕೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಹಳೆಯ ಕ್ರೈಸ್ತ ವಸತಿಯಿದೆ. ಅದೇ ಮುದಗಲ್ ಮೊಹರಂಗೂ ಹೆಸರುವಾಸಿ. ಕರ್ಬಲಾದ ದುಃಖವನ್ನು ಕನ್ನಡದ ಪದ ಕಟ್ಟಿ ಹಾಡುವ ಈ ಸೀಮೆಯಲ್ಲಿ ಹರಕೆ ಹೊತ್ತು ಫಕೀರರಾಗುವವರಲ್ಲಿ ಹಿಂದೂಗಳೂ ಬಹಳ. ದೂರದ ಅರಬರ ನಾಡಿನ ಸಾವಿಗೆ ಇಲ್ಲಿನ ರೈತ ಕಣ್ಣೀರು ಹಾಕುತ್ತಾನೆಂದರೆ, ತನ್ನ ದುಃಖಕ್ಕೂ ಅದರಲ್ಲಿ ಜಾಗ ಸಿಕ್ಕಿರಲೇಬೇಕು.

ಈ ನಾಡಿಗೆ ಇನ್ನೊಂದು ದೊಡ್ಡ ದುಃಖವೂ ಇದೆ, ನೀರಿನದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಕೆಳಗೆ ನಾರಾಯಣಪುರದ ಬಸವಸಾಗರ. ಅದರ ಹಿನ್ನೀರಿನಿಂದ ಉಳಿಸಲು ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿದರು. ಆಚೆ ದಡದ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನದು. ನೀಲಮ್ಮ ಐಕ್ಯಳಾದಳೆಂದು ಜನ ನಂಬುವ ನೆಲ. ಕಲ್ಯಾಣ ಬಿಟ್ಟು ಬಂದವಳು ಸಂಗಮ ಮುಟ್ಟುವ ಮೊದಲೇ ಗಂಡನ ಸುದ್ದಿ ಕೇಳಿ ಅಲ್ಲೇ ನಿಂತಳಂತೆ.

ಗುಡಿಗಳಿಗೆ ಗೋಡೆ ಕಟ್ಟಬಹುದು, ಊರುಗಳಿಗೆ ಆಗಲಿಲ್ಲ. ಜನ ಹಳೆಯ ಮನೆಯ ತೊಲೆ, ಬಾಗಿಲ ಚೌಕಟ್ಟು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದರು. ಹೊಸ ಊರಿನ ನೇರ ಓಣಿಗಳಲ್ಲಿ ಮಕ್ಕಳು ಹುಟ್ಟಿ, ಓದಿ, ನೌಕರಿ ಹಿಡಿದರು. ಅವರಿಗೆ ಅದೇ ಊರು. ಅಜ್ಜಿಯರ ಬಾಯಲ್ಲಿ ಮಾತ್ರ ಇನ್ನೂ ‘ಹಳೇ ಊರಾಗ’ ಎಂದೇ ಮಾತು ಶುರುವಾಗುತ್ತದೆ.

ಬೇಸಿಗೆ ಏರಿ ಹಿನ್ನೀರು ಇಳಿದಾಗ ಮುಳುಗಿದ ಊರುಗಳ ಗುಡಿಯ ಕಲ್ಲು, ಮನೆಯ ಅಡಿಪಾಯ ಅಲ್ಲಲ್ಲಿ ಮೇಲೆ ಕಾಣುತ್ತವೆ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಹೋಗಿ ಮೊಮ್ಮಕ್ಕಳಿಗೆ ‘ಇಲ್ಲಿ ಕಟ್ಟಿ ಇತ್ತು, ಇದು ನಮ್ಮ ಪಡಸಾಲಿ’ ಎಂದು ತೋರಿಸುವ ಹಿರಿಯರುಂಟು. ಮಳೆಗಾಲದಲ್ಲಿ ಮಹಾರಾಷ್ಟ್ರದಿಂದ ನೀರು ಬಂದಾಗ ಕಲ್ಲುಗಳು ಮತ್ತೆ ಒಳಗೆ ಹೋಗುತ್ತವೆ. ಅಷ್ಟರಲ್ಲಿ ಶಾಲೆಗಳೂ ಸುರುವಾಗಿರುತ್ತವೆ.