ಕಣ್ಣಿನ ನರ ಸವೆದಿದೆಯಾ? ಕಣ್ಣು ಮುಟ್ಟದೇ ಹೇಳುತ್ತೆ ಓಸಿಟಿ ಸ್ಕ್ಯಾನ್

"ಸೈಡಿಂದ ಬಂದ ಬೈಕು ಕಾಣ್ಲೇ ಇಲ್ಲ ಕಣೋ." ವಯಸ್ಸಾದವರು ಹೀಗಂದ್ರೆ ಮನೇಲಿ ಬರೋ ಉತ್ತರ ಒಂದೇ: ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದ್ರಾಯ್ತು. ಆದರೆ ಅದು ಗ್ಲುಕೋಮಾ ಕೂಡ ಆಗಿರಬಹುದು. ಪೊರೆ ತೆಗೆಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತೆ. ಗ್ಲುಕೋಮಾದಲ್ಲಿ ಹೋದ ದೃಷ್ಟಿ ಮತ್ತೆ ಬರಲ್ಲ.

ಯಾಕೆ? ಕಣ್ಣು ಕಂಡಿದ್ದನ್ನು ಮೆದುಳಿಗೆ ಮುಟ್ಟಿಸೋಕೆ ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರದ ಎಳೆಗಳು ಹೋಗುತ್ತವೆ. ಗ್ಲುಕೋಮಾದಲ್ಲಿ ಈ ಎಳೆಗಳು ನಿಧಾನವಾಗಿ ಸಾಯುತ್ತವೆ. ಹೆಚ್ಚಿನವರಿಗೆ ನೋವಿರಲ್ಲ, ಕಣ್ಣು ಕೆಂಪಾಗಲ್ಲ. ಮೊದಲು ಹೋಗೋದು ಪಕ್ಕದ ನೋಟ. ನೇರ ನೋಟ ಬಹಳ ದಿನ ಚೆನ್ನಾಗೇ ಇರುತ್ತೆ. ಹಾಗಾಗಿ ಗಲ್ಲಾದಲ್ಲಿ ಕೂತು ನೋಟು ಎಣಿಸೋರಿಗೆ ಗೊತ್ತೇ ಆಗಲ್ಲ. ಕನ್ನಡಕದ ನಂಬರ್ ಚೆಕ್ ಮಾಡಿಸಿದ್ರೂ ಇದು ಸಿಗಲ್ಲ.

ಇಲ್ಲಿ ನೆರವಿಗೆ ಬರೋದು ಓಸಿಟಿ ಸ್ಕ್ಯಾನ್. ಮಷೀನ್ ಮುಂದೆ ಗಲ್ಲ ಊರಿ, ಒಳಗಿನ ಗುರುತನ್ನೇ ನೋಡ್ತಾ ಕೂತರೆ ಸಾಕು. ಅದು ಕಣ್ಣೊಳಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಯಾವ ಆಳದಿಂದ ಎಷ್ಟು ಬೆಳಕು ವಾಪಸ್ ಬಂತು ಅಂತ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತೆ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಈ ವಿಧಾನವನ್ನು ಅಮೆರಿಕದ ಎಂಐಟಿಯ ಸಂಶೋಧಕರ ತಂಡ 1991ರಲ್ಲಿ ಮೊದಲು ಪ್ರಕಟಿಸಿತು.

ಆರೋಗ್ಯವಾಗಿರೋ ಕಣ್ಣಲ್ಲಿ ನರದ ಸುತ್ತ ಈ ಎಳೆಗಳ ಪದರ ಸರಾಸರಿ 100 ಮೈಕ್ರಾನ್ ಆಸುಪಾಸು ದಪ್ಪ ಇರುತ್ತೆ. ಅಂದ್ರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ. ಇಷ್ಟು ತೆಳು ಪದರ ಸವೆದಿದ್ದರೆ, ಎಷ್ಟೋ ಸಲ ರೋಗಿಗೆ ತೊಂದರೆ ಗೊತ್ತಾಗೋ ಮೊದಲೇ ಸ್ಕ್ಯಾನ್ ತೋರಿಸುತ್ತೆ.

ರಿಪೋರ್ಟಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಇರುತ್ತೆ. ನಿಮ್ಮ ವಯಸ್ಸಿನವರ ಜೊತೆ ಹೋಲಿಸಿ ಕೊಟ್ಟಿದ್ದು ಅದು. ಕೆಂಪು ಕಂಡ ತಕ್ಷಣ ಗಾಬರಿ ಬೇಡ, ಜಾಸ್ತಿ ಮೈನಸ್ ನಂಬರ್ ಇರೋರಿಗೆ ಕಾಯಿಲೆ ಇಲ್ಲದೆಯೂ ಕೆಂಪು ಬರಬಹುದು. ಕಣ್ಣಿನ ಪ್ರೆಷರ್, ಪಕ್ಕದ ನೋಟ ಅಳೆಯೋ ಫೀಲ್ಡ್ ಟೆಸ್ಟ್ ಎಲ್ಲ ಸೇರಿಸಿ ನೋಡಿಯೇ ಡಾಕ್ಟ್ರು ತೀರ್ಮಾನಿಸೋದು. ರಿಪೋರ್ಟ್ ಎಸೀಬೇಡಿ. ಮುಂದಿನ ಸಲ ಪದರ ಇನ್ನೂ ಸವೆದಿದೆಯಾ ಅಂತ ತಿಳಿಯೋದು ಹಳೇದರ ಜೊತೆ ಹೋಲಿಸಿದಾಗಲೇ.

40 ದಾಟಿದವರು, ಅಪ್ಪ-ಅಮ್ಮ ಅಥವಾ ಒಡಹುಟ್ಟಿದವರಿಗೆ ಗ್ಲುಕೋಮಾ ಇದ್ದವರು, ಶುಗರ್ ಇರೋರು, ತುಂಬಾ ದಿನ ಸ್ಟೀರಾಯ್ಡ್ ಬಳಸಿದವರು ಒಮ್ಮೆ ಕಣ್ಣಿನ ಡಾಕ್ಟ್ರನ್ನು ಕಂಡು "ನರ ಹೇಗಿದೆ ನೋಡಿ" ಅಂತ ಕೇಳಿ. ಸ್ಕ್ಯಾನ್ ಬೇಕೋ ಬೇಡ್ವೋ ಅವರೇ ಹೇಳ್ತಾರೆ. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿದ್ರೆ ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತೆ, ಬೈಕ್ ಓಡಿಸ್ಕೊಂಡು ಹೋಗಬೇಡಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ.

ಬೇಗ ಗೊತ್ತಾದ್ರೆ ಹೆಚ್ಚಿನವರಿಗೆ ದಿನಾ ಹಾಕೋ ಡ್ರಾಪ್ಸಲ್ಲೇ, ಇಲ್ಲವೇ ಲೇಸರ್, ಆಪರೇಷನ್ನಿಂದ ಉಳಿದ ನೋಟ ಕಾಪಾಡಿಕೊಳ್ಳಬಹುದು. ಕಣ್ಣು ಚೆನ್ನಾಗಿ ಕಾಣ್ತಿರೋವಾಗಲೇ ತೋರಿಸ್ಕೊಳ್ಳಿ.