ಜಾಲದ ಹೆಬ್ಬಾಗಿಲಿಗೆ ಎಂಥ ಕಾವಲುಗಾರ?

ಕೋಟೆಯ ಗೋಡೆ ಎಷ್ಟೇ ಭದ್ರವಾಗಿದ್ದರೂ ಅದಕ್ಕೊಂದು ಬಾಗಿಲಿರಲೇಬೇಕು. ಬಾಗಿಲಿದ್ದ ಮೇಲೆ ಕಾವಲುಗಾರನೂ ಬೇಕು. ಕಾಲೇಜೊಂದರ ಗಣಕಗಳನ್ನು ಅಂತರಜಾಲಕ್ಕೆ ಜೋಡಿಸಿದಾಗ ಈ ಕಾವಲನ್ನು ಕಾಯುವ ಸಾಧನವೇ ಫೈರ್‌ವಾಲ್. ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಕಟ್ಟುಗಳಾಗಿ ಸಂಚರಿಸುತ್ತದೆ. ಪ್ರತಿಯೊಂದು ಕಟ್ಟಿನ ಮೇಲೂ ಕಳುಹಿಸಿದ ಮತ್ತು ಸೇರಬೇಕಾದ ಗಣಕಗಳ ವಿಳಾಸಗಳಿರುತ್ತವೆ. ಫೈರ್‌ವಾಲ್ ಅವನ್ನು ಓದಿ, ನಿಯಮಗಳ ಪಟ್ಟಿಯೊಡನೆ ಹೋಲಿಸಿ, ಕಟ್ಟನ್ನು ಒಳಕ್ಕೆ ಬಿಡುತ್ತದೆ, ಇಲ್ಲವೆ ತಡೆಯುತ್ತದೆ.

ಮೂಲೆಯಲ್ಲಿ ಬಿದ್ದಿರುವ ಹಳೆಯ ಗಣಕವೊಂದು ಈ ಕೆಲಸಕ್ಕೆ ಸಾಲದೆ? ಸಾಲಬಹುದು, ಆದರೆ ಅದು ನಿಜವಾಗಿಯೂ ಅಗ್ಗವೆ? ಕಾವಲುಗಾರನಿಗೆ ರಜೆಯೆಂಬುದಿಲ್ಲ. 60 ವಾಟ್ ಬಳಸುವ ಗಣಕವು ವರ್ಷವಿಡೀ ನಡೆದರೆ ಸುಮಾರು 526 ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. 10 ವಾಟ್ ಬಳಸುವ ಚಿಕ್ಕ ಯಂತ್ರಕ್ಕೆ 88 ಯೂನಿಟ್ ಸಾಕು. ಪುಕ್ಕಟೆಯಾಗಿ ದೊರೆತ ಯಂತ್ರವು ಹೀಗೆ ವರ್ಷ ವರ್ಷವೂ ತನ್ನ ಬೆಲೆಯನ್ನು ವಸೂಲು ಮಾಡುತ್ತದೆ.

ಹಾಗಾದರೆ ಚಿಕ್ಕ ಯಂತ್ರಕ್ಕೆ ಬೇಕಾದಷ್ಟು ಶಕ್ತಿಯುಂಟೆ? ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 1 ಗಿಗಾಬಿಟ್, ಎಂದರೆ ನೂರು ಕೋಟಿ ಬಿಟ್‌ಗಳನ್ನು ಸಾಗಿಸುವ ಈಥರ್ನೆಟ್ ತಂತಿಯಿದೆಯೆಂದು ಭಾವಿಸೋಣ. ಕಟ್ಟುಗಳು ಸಾಮಾನ್ಯವಾದ ಪೂರ್ಣ ಗಾತ್ರದವಾಗಿದ್ದರೆ ಸೆಕೆಂಡಿಗೆ ಸುಮಾರು 81,000 ಬರುತ್ತವೆ. ಅತ್ಯಂತ ಚಿಕ್ಕವಾಗಿದ್ದರೆ ಈ ಸಂಖ್ಯೆ ಸುಮಾರು 14,88,000ಕ್ಕೆ ಏರುತ್ತದೆ. ಆಗ ಒಂದೊಂದು ಕಟ್ಟಿಗೆ ದೊರೆಯುವ ಕಾಲ 672 ನ್ಯಾನೊಸೆಕೆಂಡ್ ಮಾತ್ರ! 1 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಒಂದು ಕೋರ್‌ಗೆ ಇದು 672 ಮಿಡಿತಗಳಷ್ಟೆ. ಆದುದರಿಂದ ಯಂತ್ರದ ಮೇಲೆ 'ಗಿಗಾಬಿಟ್' ಎಂದು ಅಚ್ಚಾಗಿದ್ದರೆ, ಅದು ಯಾವ ಗಾತ್ರದ ಕಟ್ಟುಗಳಿಗೆ ಸಲ್ಲುವ ಮಾತೆಂಬುದನ್ನು ನಾವು ಕೇಳಲೇಬೇಕು.

ಪ್ರೊಸೆಸರ್ ಒಂದನ್ನೇ ನೋಡಿದರೂ ಸಾಲದು. 2018ರಲ್ಲಿ ಬಂದ ರಾಸ್ಪ್‌ಬೆರಿ ಪೈ 3 ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಈಥರ್ನೆಟ್ ಇದ್ದರೂ, ಅದು ಯುಎಸ್‌ಬಿ 2.0 ಎಂಬ ಇಕ್ಕಟ್ಟಾದ ಓಣಿಯ ಮೂಲಕ ಜೋಡಣೆಗೊಂಡಿದ್ದಿತು. ವೇಗವು ಸುಮಾರು 300 ಮೆಗಾಬಿಟ್‌ಗೆ ನಿಂತುಬಿಡುತ್ತಿತ್ತು. 2019ರ ಪೈ 4ರಲ್ಲಿ ಈ ಕೊರತೆ ನೀಗಿತು. ಆದರೆ ಅದರ ಪ್ರೊಸೆಸರಿನಲ್ಲಿ ಎಇಎಸ್ ಎಂಬ ಗೂಢಲಿಪಿಗೆ ವಿಶೇಷ ಆದೇಶಗಳಿಲ್ಲ. ಮನೆಯಿಂದಲೇ ಕಾಲೇಜಿನ ಜಾಲವನ್ನು ಗುಟ್ಟಾಗಿ ಸೇರುವವರು ಹೆಚ್ಚಿದಂತೆಲ್ಲ ಆ ಭಾರವನ್ನು ಸಾಮಾನ್ಯ ಆದೇಶಗಳೇ ಹೊರಬೇಕಾಗುತ್ತದೆ. ಮೇಲಾಗಿ, ಹೊರಗಿನ ಜಾಲಕ್ಕೊಂದು ಒಳಗಿನ ಜಾಲಕ್ಕೊಂದು ಎಂದು ಎರಡು ಈಥರ್ನೆಟ್ ದ್ವಾರಗಳಿದ್ದರೆ ಅನುಕೂಲ. ಪೈ 4ರಲ್ಲಿರುವುದು ಒಂದೇ.

ಕೊನೆಯ ಪರೀಕ್ಷೆ ಯಂತ್ರದ್ದಲ್ಲ, ತಂತ್ರಾಂಶದ್ದು. 2003ರಲ್ಲಿ ಆರಂಭವಾದ ಮೊನೊವಾಲ್ ಎಂಬ ಪ್ರಸಿದ್ಧ ಫೈರ್‌ವಾಲ್ ತಂತ್ರಾಂಶದ ಅಭಿವೃದ್ಧಿ 2015ರಲ್ಲಿ ನಿಂತುಹೋಯಿತು. ಅಂಥದನ್ನು ನಂಬಿಕೊಂಡ ಯಂತ್ರದ ದೀಪಗಳು ಎಂದಿನಂತೆಯೇ ಮಿನುಗುತ್ತಿರಬಹುದು. ಹೊಸದಾಗಿ ಪತ್ತೆಯಾದ ಬಿರುಕುಗಳನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. ವಾಟ್, ವೇಗ, ದ್ವಾರ ಎಲ್ಲವನ್ನೂ ಅಳೆದಮೇಲೆ, ಈ ಯಂತ್ರಕ್ಕೆ ಇನ್ನೆಷ್ಟು ವರ್ಷ ದುರಸ್ತಿ ದೊರೆಯುತ್ತದೆಂದು ವಿಚಾರಿಸಿಯೇ ನಾವು ಹಣ ತೆರಬೇಕು. ನಿದ್ರಿಸುವ ಕಾವಲುಗಾರನಿಗಿಂತ ಕಾವಲೇ ಇಲ್ಲವೆಂಬ ಅರಿವು ಮೇಲು. ಅರಿವಿದ್ದರೆ ನಾವಾದರೂ ಎಚ್ಚರವಾಗಿರುತ್ತೇವೆ.